ಕೈಯ ಉಪಚಾರ: ಎಲ್ಲಿ ಒತ್ತಬೇಕು, ಎಲ್ಲಿ ಕೈ ಹಿಂದೆಗೆಯಬೇಕು

ಎಣ್ಣೆ ತಿಕ್ಕುವುದು, ಶಾಖ ಕೊಡುವುದು, ಮಸಾಜ್, ಆಕ್ಯುಪ್ರೆಷರ್, ಉಳುಕು ತೆಗೆಯುವುದು – ಹೀಗೆ ಕೈಯಿಂದ ಮಾಡುವ ಉಪಚಾರಗಳ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಒಂದೇ ತರಹದವನ್ನು ಕೂಡಿಸಿ, ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಓದುಗರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ನಮ್ಮ ಬಡಾವಣೆಯಲ್ಲಿ ಹೊಸದಾಗಿ ತೆರೆದ ಕೇಂದ್ರದ ಬೋರ್ಡಿನಲ್ಲಿ ಅಭ್ಯಂಗ, ಸ್ವೀಡಿಷ್, ಥಾಯ್, ಶಿಯಾತ್ಸು, ರಿಫ್ಲೆಕ್ಸಾಲಜಿ, ರೇಖಿ, ಕೈರೋಪ್ರಾಕ್ಟಿಕ್ ಎಂದೆಲ್ಲ ಬರೆದಿದ್ದಾರೆ. ಇವೆಲ್ಲ ಒಂದೇ ವಸ್ತುವಿನ ಬೇರೆ ಬೇರೆ ಹೆಸರೋ?
– ನಿವೃತ್ತ ಶಿಕ್ಷಕರು, ಮೈಸೂರು

ಅಲ್ಲ. ಮೂರು ಗುಂಪು ಮಾಡಿಕೊಂಡರೆ ಗೊಂದಲ ಹೋಗುತ್ತದೆ.

ಮೊದಲನೆಯದು ಚರ್ಮ ಮತ್ತು ಸ್ನಾಯುವಿನ ಮೇಲೆ ಕೆಲಸ ಮಾಡುವವು. ನಮ್ಮ ಅಭ್ಯಂಗ ಇದರಲ್ಲಿ ಸೇರುತ್ತದೆ. ಸ್ವೀಡಿಷ್ ಮಸಾಜ್ ಕೂಡ ಇದೇ ಗುಂಪಿನದು. ನೀವುವುದು, ಹಿಸುಕುವುದು, ತಿಕ್ಕುವುದು, ತಟ್ಟುವುದು, ಅದುರಿಸುವುದು ಎಂಬ ಐದು ಕೈಚಳಕಗಳೇ ಅದರ ಬಂಡವಾಳ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಹೆಸರಿಗೆ ಇದನ್ನು ಅಂಟಿಸುವುದು ರೂಢಿ. ಆದರೆ ಅವನು 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಕಟ್ಟಿದ್ದು ಅಂಗಸಾಧನೆಯ ಸಂಸ್ಥೆ. ಇದರ ಮೂಲ ಚಳಕಗಳನ್ನು ವಿಂಗಡಿಸಿ ಫ್ರೆಂಚ್ ಹೆಸರುಗಳಿಂದ ಕರೆದ ಕೀರ್ತಿ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್‌ನದು. ಥಾಯ್ ಮಸಾಜ್‌ಗೆ ಎಣ್ಣೆ ಬೇಡ. ಬಟ್ಟೆ ತೊಟ್ಟುಕೊಂಡೇ ಚಾಪೆಯ ಮೇಲೆ ಮಲಗಿದರೆ ಎಳೆದು, ಒತ್ತಿ, ಬಗ್ಗಿಸುತ್ತಾರೆ. ಜಪಾನಿನ ಶಿಯಾತ್ಸು ಹೆಬ್ಬೆರಳ ಒತ್ತಡದ್ದು.

ಎರಡನೆಯದು ಕೀಲು ಮತ್ತು ಬೆನ್ನುಮೂಳೆಯನ್ನು ಅಲುಗಿಸುವವು. ಅಮೆರಿಕದ ಆಂಡ್ರ್ಯೂ ಸ್ಟಿಲ್ 1874ರಲ್ಲಿ ಮುಂದಿಟ್ಟ ಆಸ್ಟಿಯೋಪತಿ, ಡಿ.ಡಿ. ಪಾಮರ್ 1895ರಲ್ಲಿ ಆರಂಭಿಸಿದ ಕೈರೋಪ್ರಾಕ್ಟಿಕ್ ಇಲ್ಲಿ ಬರುತ್ತವೆ. ಫಿಸಿಯೋಥೆರಪಿಯವರು ಕೀಲು ಸಡಿಲಿಸುವುದೂ ಇದೇ ಜಾತಿಯದು. ‘ಲಟಕ್’ ಎಂಬ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಥಟ್ಟನೆ ಇಳಿದಾಗ ಅನಿಲದ ಗುಳ್ಳೆಯಿಂದ ಆಗುವ ಸದ್ದು. ಸದ್ದು ಬಂದರೆ ಗುಣವಾಯಿತು, ಬರದಿದ್ದರೆ ಇಲ್ಲ ಎಂಬ ಲೆಕ್ಕ ಹಾಕಬೇಡಿ.

ಮೂರನೆಯದು ಬಿಂದು, ನಕಾಶೆ, ಶಕ್ತಿ ಎಂಬ ಕಲ್ಪನೆಗಳ ಮೇಲೆ ನಿಂತವು. ಅಂಗಾಲಿನಲ್ಲಿ ಇಡೀ ದೇಹದ ನಕಾಶೆ ಇದೆ ಎನ್ನುವ ರಿಫ್ಲೆಕ್ಸಾಲಜಿ ಪ್ರಾಚೀನವೆಂದು ಹೇಳಿ ಮಾರಾಟವಾಗುತ್ತದೆ. ಈಗ ಚಾಲ್ತಿಯಲ್ಲಿರುವ ನಕಾಶೆಯನ್ನು 1930ರ ದಶಕದಲ್ಲಿ ರೂಪಿಸಿದವರು ಅಮೆರಿಕದ ಯೂನಿಸ್ ಇಂಗಮ್. ಅಂಗೈಯಿಂದ ಶಕ್ತಿ ಹರಿಸುತ್ತೇವೆ ಎನ್ನುವ ರೇಖಿ 1922ರಲ್ಲಿ ಜಪಾನಿನ ಮಿಕಾವೊ ಉಸುಯಿ ಆರಂಭಿಸಿದ್ದು. ಅಂಗಾಲಿನ ಇಂಥ ಬಿಂದು ಒತ್ತಿದರೆ ಮೂತ್ರಪಿಂಡ ಸರಿಹೋಗುತ್ತದೆ ಎನ್ನಲು ಆಧಾರವಿಲ್ಲ. ಆದರೆ 20 ನಿಮಿಷ ಕಾಲು ಒತ್ತಿಸಿಕೊಂಡವರಿಗೆ ನಿದ್ದೆ ಚೆನ್ನಾಗಿ ಬಂದರೆ ಆಶ್ಚರ್ಯವೂ ಇಲ್ಲ. ಅಷ್ಟಕ್ಕಾಗಿ ಹೋಗುವುದಾದರೆ ಹೋಗಿ.

ದೀಪಾವಳಿಗೆ ಮಾತ್ರ ಎಣ್ಣೆಸ್ನಾನ ಮಾಡುವ ಮನೆ ನಮ್ಮದು. ವಾರಕ್ಕೊಮ್ಮೆ ಮಾಡಬೇಕೆಂದಿದ್ದೇವೆ. ಎಷ್ಟು ಎಣ್ಣೆ, ಎಷ್ಟು ಹೊತ್ತು, ಯಾವ ಕ್ರಮ?
– ದಂಪತಿ, ದಾವಣಗೆರೆ

ಒಬ್ಬರಿಗೆ 50ರಿಂದ 60 ಮಿ.ಲೀ. ಸಾಕು, ಅಂದರೆ ಸಣ್ಣ ಕಾಫಿ ಲೋಟದ ಅರ್ಧ. ಚಳಿಗಾಲಕ್ಕೆ ಎಳ್ಳೆಣ್ಣೆ, ಬೇಸಿಗೆಗೆ ಕೊಬ್ಬರಿ ಎಣ್ಣೆ ಎನ್ನುವುದು ರೂಢಿ. ಎಣ್ಣೆಯನ್ನು ನೇರ ಒಲೆಯ ಮೇಲಿಡಬೇಡಿ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ 5 ನಿಮಿಷ ಕೂರಿಸಿ. ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಹಾಕಿಕೊಂಡು ನೋಡಿ, ಹಿತವಾಗಿ ಬೆಚ್ಚಗಿರಬೇಕು.

ನೆತ್ತಿಯಿಂದ ಆರಂಭಿಸಿ. ಬೆರಳ ತುದಿಯಿಂದ, ಉಗುರು ತಾಗದಂತೆ, ತಲೆಯ ಚರ್ಮವೇ ಅಲುಗುವ ಹಾಗೆ ತಿಕ್ಕಬೇಕು. ಕೂದಲ ಮೇಲೆ ಅಂಗೈ ಆಡಿಸಿದರೆ ಸಿಕ್ಕು ಬೀಳುವುದಷ್ಟೇ ಲಾಭ. ಆಮೇಲೆ ಕಿವಿಯ ಹಿಂಭಾಗ, ಕುತ್ತಿಗೆ, ಭುಜ. ಕೈಕಾಲಿನ ಉದ್ದ ಮೂಳೆಗಳ ಮೇಲೆ ಉದ್ದಕ್ಕೆ ನೀವಿ. ಭುಜ, ಮೊಣಕೈ, ಮಂಡಿ, ಹರಡುಗಳ (ಪಾದದ ಮೇಲಿನ ಕೀಲು) ಮೇಲೆ ಸುತ್ತು ಸುತ್ತಾಗಿ ತಿಕ್ಕಿ. ಹೊಟ್ಟೆಯ ಮೇಲೆ ಹಗುರಾಗಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಕೈಯಾಡಿಸಿ. ದೊಡ್ಡ ಕರುಳು ಸಾಗುವುದು ಅದೇ ದಿಕ್ಕಿನಲ್ಲಿ. ಕೊನೆಗೆ ಅಂಗಾಲು. ಆಯುರ್ವೇದದ ಗ್ರಂಥ ಅಷ್ಟಾಂಗಹೃದಯ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಬೇಕೆನ್ನುತ್ತದೆ. ಸಮಯವಿಲ್ಲದ ದಿನ ಈ ಮೂರೇ ಸಾಕು. ಒಟ್ಟು 15–20 ನಿಮಿಷ ಹಚ್ಚಿ, 20 ನಿಮಿಷ ಬಿಟ್ಟು ಬಿಸಿನೀರು ಹೊಯ್ದುಕೊಳ್ಳಿ. ಮೈಗೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು, ತಲೆಗೆ ಸೀಗೆಪುಡಿ.

ಕಫ ಹೆಚ್ಚಿದ್ದಾಗ, ಅಜೀರ್ಣ ಇದ್ದಾಗ ಬೇಡ ಎಂದು ಅದೇ ಗ್ರಂಥ ಹೇಳುತ್ತದೆ. ಜ್ವರ, ನೆಗಡಿ ಇದ್ದ ದಿನವೂ ಊಟವಾದ ತಕ್ಷಣವೂ ಬೇಡ. ಇನ್ನು ಎಣ್ಣೆಸ್ನಾನದಲ್ಲಿ ಆಗುವ ಅತಿ ದೊಡ್ಡ ಅನಾಹುತ ಆರೋಗ್ಯಶಾಸ್ತ್ರದ್ದಲ್ಲ, ಬಚ್ಚಲಿನದು! ಎಣ್ಣೆ ಬಿದ್ದ ಟೈಲ್ಸ್ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವ ಹಿರಿಯರಿದ್ದಾರೆ. ವಯಸ್ಸಾದವರಿಗೆ ಸ್ಟೂಲ್ ಮೇಲೆ ಕೂರಿಸಿ ಹಚ್ಚಿ. ಕಾಲಡಿಗೆ ಗೋಣಿಚೀಲವನ್ನೋ ರಬ್ಬರ್ ಮ್ಯಾಟನ್ನೋ ಹಾಸಿ. ಅಂಗಾಲಿನ ಎಣ್ಣೆಯನ್ನು ಎದ್ದು ನಡೆಯುವ ಮೊದಲೇ ಒರೆಸಿ.

ಮಗುವಿಗೆ ಇಪ್ಪತ್ತು ದಿನ. ಎರೆಯಲು ಬರುವ ಅಜ್ಜಿ ಮೂಗು ತಿದ್ದುತ್ತಾರೆ, ಕಿವಿಗೆ ಎಣ್ಣೆ ಬಿಡುತ್ತಾರೆ, ಎದೆ ಹಿಂಡಿ ‘ಹಾಲು’ ತೆಗೆಯಬೇಕೆನ್ನುತ್ತಾರೆ. ನಮ್ಮತ್ತೆಗೆ ಅವರ ಮೇಲೆ ಪೂರ್ಣ ನಂಬಿಕೆ. ಡಾಕ್ಟರು ಏನೂ ಬೇಡ ಎಂದಿದ್ದಾರೆ. ನಾನು ಯಾರ ಮಾತು ಕೇಳಲಿ?
– ಬಾಣಂತಿ, ತುಮಕೂರು

ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಕೇಳಿ. ಹಗುರವಾದ ಎಣ್ಣೆ ತಿಕ್ಕುವಿಕೆಯಿಂದ ಮಗುವಿಗೆ ಹಿತವೇ. ಆದರೆ ನೀವು ಬರೆದ ಮೂರು ಕೆಲಸಗಳೂ ನಿಲ್ಲಬೇಕು.

ಮೊದಲು ಎದೆ ಹಿಂಡುವುದು. ಹುಟ್ಟಿದ ಮಗುವಿನ ಎದೆ, ಗಂಡಾಗಲಿ ಹೆಣ್ಣಾಗಲಿ, ತಾಯಿಯ ಹಾರ್ಮೋನಿನಿಂದ ಉಬ್ಬಿರಬಹುದು, ಒಂದೆರಡು ಹನಿ ಹಾಲಿನಂಥದು ಒಸರಲೂಬಹುದು. ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹಿಂಡಿದರೆ ರೋಗಾಣು ಒಳಹೊಕ್ಕು ಕೀವು ಕಟ್ಟುತ್ತದೆ, ಕತ್ತರಿಸಿ ಕೀವು ತೆಗೆಸುವ ಸ್ಥಿತಿಯೂ ಬರುತ್ತದೆ. ಕಿವಿ ಮೂಗಿಗೆ ಎಣ್ಣೆ ಬಿಡುವುದು ಎರಡನೆಯದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದರೆ ಒಂದು ಬಗೆಯ ನ್ಯುಮೋನಿಯಾ ಆಗುತ್ತದೆ. ಎಣ್ಣೆ ಕರಗಿ ಹೊರಬರುವ ವಸ್ತುವಲ್ಲವಾದ್ದರಿಂದ ಅದು ಬೇಗ ವಾಸಿಯಾಗುವುದಿಲ್ಲ. ಮೂರನೆಯದು ಮೂಗು ತಿದ್ದುವುದು, ತಲೆ ಗುಂಡಗೆ ಮಾಡುವುದು. ಮೂಗಿನ ಆಕಾರ ಅಪ್ಪ ಅಮ್ಮನಿಂದ ಬರುತ್ತದೆಯೇ ಹೊರತು ಎರೆಯುವವರ ಹೆಬ್ಬೆರಳಿನಿಂದಲ್ಲ. ನೆತ್ತಿಯ ಮೆತ್ತನೆ ಭಾಗವನ್ನು ಒತ್ತಲೇಬಾರದು. ತಲೆಕೆಳಗಾಗಿ ಹಿಡಿಯುವುದು, ಎಸೆದು ಹಿಡಿಯುವುದು, ಸಾಂಬ್ರಾಣಿ ಹೊಗೆ ಮುಖಕ್ಕೆ ಹಿಡಿಯುವುದು ಇವನ್ನೂ ಇದೇ ಪಟ್ಟಿಗೆ ಸೇರಿಸಿ.

ಮಾಡಬೇಕಾದ್ದು ಹೀಗೆ. ಹಾಲು ಕುಡಿದು ಮುಕ್ಕಾಲು ಗಂಟೆಯಾದರೂ ಆಗಿರಲಿ. ಕೋಣೆ ಬೆಚ್ಚಗಿರಲಿ, ಫ್ಯಾನ್ ಆರಿಸಿ. ಬಳೆ, ಉಂಗುರ ತೆಗೆದು, ಉಗುರು ಕತ್ತರಿಸಿ, ಸೋಪಿನಿಂದ ಕೈ ತೊಳೆಯಿರಿ. ಒಂದೆರಡು ಟೀ ಚಮಚ ತೆಂಗಿನೆಣ್ಣೆ ಸಾಕು. ದುಬಾರಿ ಆಲಿವ್ ಎಣ್ಣೆ ಬೇಡ. ಅದರಲ್ಲಿ ಹೆಚ್ಚಿರುವ ಓಲಿಯಿಕ್ ಆಮ್ಲ ಎಳೆಯ ಚರ್ಮದ ಹೊರಪದರವನ್ನು ದುರ್ಬಲಗೊಳಿಸುತ್ತದೆ. ಸಾಸಿವೆ ಎಣ್ಣೆಯೂ ಬೇಡ. ಕರ್ಪೂರ ಹಾಕಿ ಕಾಯಿಸಿದ ಎಣ್ಣೆಯನ್ನಂತೂ ಮುಟ್ಟಿಸಬೇಡಿ, ಕರ್ಪೂರ ಮಕ್ಕಳಿಗೆ ವಿಷ, ಫಿಟ್ಸ್ ಬರಿಸುತ್ತದೆ.

ಕಾಲಿನಿಂದ ಶುರುಮಾಡಿ, ಮಗು ಅಲ್ಲಿ ಬೇಗ ಒಗ್ಗಿಕೊಳ್ಳುತ್ತದೆ. ತೊಡೆಯಿಂದ ಪಾದದವರೆಗೆ ಎರಡೂ ಕೈಯಿಂದ ಹಾಲು ಕರೆಯುವ ಹಾಗೆ, ಆದರೆ ಹಿಂಡದೆ, ಜಾರಿಸಿ. ನಂತರ ಕೈ, ಎದೆ, ಬೆನ್ನು. ಹೊಟ್ಟೆಗೆ ಹೊಕ್ಕುಳ ಸುತ್ತ ಗಡಿಯಾರದ ದಿಕ್ಕಿನಲ್ಲಿ ಆರೇಳು ಸುತ್ತು, ಆಮೇಲೆ ಎರಡೂ ಮಂಡಿಯನ್ನು ಮಡಚಿ ಹೊಟ್ಟೆಗೆ ತಾಗಿಸಿ ಬಿಡಿ. ಗಾಳಿ ಹೋಗಲು ಇದು ಒಳ್ಳೆಯದು. ಹೊಕ್ಕುಳ ಬಳ್ಳಿ ಉದುರಿ ಜಾಗ ಒಣಗುವತನಕ ಅಲ್ಲಿ ಎಣ್ಣೆ ಸೋಕಬಾರದು. ಒಟ್ಟು 10–15 ನಿಮಿಷ. ನಡುವೆ ಮುಖ ತಿರುಗಿಸಿ ಅತ್ತರೆ ನಿಲ್ಲಿಸಿ. ಅಳುತ್ತಿರುವ ಮಗುವನ್ನು ‘ಗಟ್ಟಿಯಾಗುತ್ತದೆ’ ಎಂದು ಇನ್ನೂ ತಿಕ್ಕುವುದು ತಪ್ಪು. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ. ಹಂಡೆ ನೀರಿಗೆ ಒಗ್ಗಿದ ಅಜ್ಜಿಯರ ಅಂಗೈಗೆ ಬಿಸಿ ಗೊತ್ತಾಗುವುದು ಕಡಿಮೆ.

ಲಸಿಕೆ ಕೊಟ್ಟ ತೊಡೆಯನ್ನು ಎರಡು ಮೂರು ದಿನ ತಿಕ್ಕಬೇಡಿ. ಎಡತೋಳಿನ ಬಿಸಿಜಿ ಚುಚ್ಚಿದ ಜಾಗದಲ್ಲಿ ಕೆಲವು ವಾರಗಳ ನಂತರ ಗುಳ್ಳೆ ಎದ್ದು ಒಡೆಯುವುದು ಸಹಜ. ಅದಕ್ಕೆ ಎಣ್ಣೆ, ಅರಿಸಿನ, ಮುಲಾಮು ಏನೂ ಹಚ್ಚಬೇಕಿಲ್ಲ.

ಅತ್ತೆಯವರೊಂದಿಗೆ ಜಗಳ ಬೇಡ. ಅಜ್ಜಿ ಬರಲಿ, ಕಾಲು ಚಾಚಿ ಕೂತು ಎರೆಯಲಿ. ಎಣ್ಣೆ ಹಚ್ಚುವ ಕೆಲಸ ಮಾತ್ರ ನಿಮ್ಮದು ಅಥವಾ ಅತ್ತೆಯವರದು ಎಂದು ಹಂಚಿಕೊಳ್ಳಿ.

ಅಪ್ಪನಿಗೆ ಮಂಡಿ ಬದಲಿಸುವ ಆಪರೇಷನ್ ಆಗಿ ಹನ್ನೆರಡು ದಿನ. ಎಡ ಮೀನಖಂಡ ಬಿಗಿದು ನೋಯುತ್ತಿದೆ, ಊದಿದೆ. ಎಣ್ಣೆ ಹಚ್ಚಿ ಚೆನ್ನಾಗಿ ನೀವಿದರೆ ಸಡಿಲವಾಗುತ್ತದೆಯೇ?
– ಮಗಳು, ಧಾರವಾಡ

ಕೈ ಹಚ್ಚಬೇಡಿ. ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. (ಈ ಪತ್ರಕ್ಕೆ ಅಂಚೆಯಲ್ಲೂ ಕೂಡಲೇ ಉತ್ತರ ಕಳಿಸಿದ್ದೇವೆ.) ಆಪರೇಷನ್, ಮೂಳೆ ಮುರಿತ, ಹೆರಿಗೆ, ಬಹಳ ಹೊತ್ತಿನ ಬಸ್ಸು-ವಿಮಾನ ಪ್ರಯಾಣದ ನಂತರ ಒಂದೇ ಕಾಲು ಊದಿ ನೋಯುವುದು ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರ ಲಕ್ಷಣವಿರಬಹುದು. ನೀವಿದರೆ ಹೆಪ್ಪಿನ ಚೂರು ಕಿತ್ತು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಎರವಾಗಬಹುದು. ವೈದ್ಯರು ನೋಡುವ ಒಂದು ಗುರುತು: ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆ.ಮೀ. ಕೆಳಗೆ ಟೇಪು ಸುತ್ತಿ ಎರಡೂ ಕಾಲು ಅಳೆದಾಗ 3 ಸೆ.ಮೀ.ಗಿಂತ ಹೆಚ್ಚು ವ್ಯತ್ಯಾಸವಿರುವುದು. ಅಷ್ಟಿಲ್ಲದಿದ್ದರೂ ಸುಮ್ಮನಿರುವಂತಿಲ್ಲ, ಡಾಪ್ಲರ್ ಸ್ಕ್ಯಾನ್ ಮಾಡಿ ತೀರ್ಮಾನಿಸಬೇಕು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ 108ಕ್ಕೆ ಕರೆ ಮಾಡಿ.

ಕಬಡ್ಡಿಯಲ್ಲಿ ಕಾಲು ಹೊರಳಿ ಹರಡು ಊದಿಕೊಂಡಿತು. ಊರಲ್ಲಿ ಉಳುಕು ತೆಗೆಯುವವರು ಜಗ್ಗಿ ತಿಕ್ಕಿದರು, ರಾತ್ರಿಗೆ ಇನ್ನೂ ದಪ್ಪವಾಯಿತು. ಹೀಗೇಕೆ? ಸೊಂಟ ಹಿಡಿದರೆ ಕಾಲು ಮುಂದಾಗಿ ಹುಟ್ಟಿದವರ ಕೈಲಿ ಒದೆಸಿಕೊಳ್ಳಿ ಅನ್ನುತ್ತಾರಲ್ಲ, ಅದು ನಿಜವಾ?
– ವಿದ್ಯಾರ್ಥಿ, ಚಿತ್ರದುರ್ಗ

ಹರಡು ಹೊರಳಿದಾಗ ಹೊರಬದಿಯಲ್ಲಿ ಮೂಳೆ-ಮೂಳೆ ಕಟ್ಟಿರುವ ಲಿಗಮೆಂಟ್ ಹರಿಯುತ್ತದೆ, ಸಣ್ಣ ರಕ್ತನಾಳಗಳು ಒಡೆಯುತ್ತವೆ. ಒಳಗೆ ರಕ್ತ ಇನ್ನೂ ಜಿನುಗುತ್ತಿರುವಾಗ ತಿಕ್ಕಿದರೆ, ಬಿಸಿ ಕೊಟ್ಟರೆ ಜಿನುಗು ಹೆಚ್ಚುತ್ತದೆ. ರಾತ್ರಿಗೆ ಕಾಲು ದಪ್ಪವಾದದ್ದು ಅದಕ್ಕೇ. ಮೊದಲ 48ರಿಂದ 72 ಗಂಟೆ ತಿಕ್ಕುವುದೂ ಬೇಡ, ಶಾಖವೂ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸನ್ನು 10–15 ನಿಮಿಷ, ದಿನಕ್ಕೆ ನಾಲ್ಕೈದು ಸಲ ಇಡಿ. ಬೆರಳ ಬುಡದಿಂದ ಮೇಲಕ್ಕೆ ಕ್ರೇಪ್ ಬ್ಯಾಂಡೇಜ್ ಸುತ್ತಿ, ಮಲಗಿದಾಗ ಕಾಲನ್ನು ಎರಡು ದಿಂಬಿನ ಮೇಲಿಡಿ. ಬ್ಯಾಂಡೇಜಿನ ಆಚೆ ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ ಕೂಡಲೇ ಬಿಚ್ಚಬೇಕು. ನಾಟಿ ಕಟ್ಟು ಹಾಕಿಸಿಕೊಂಡವರಿಗೂ ಇದೇ ಮಾತು. ಬಿದಿರ ಪಟ್ಟಿಯ ಬಿಗಿ ಕಟ್ಟನ್ನು ನೋವು ತಡೆದುಕೊಂಡು ಇಟ್ಟುಕೊಂಡರೆ ಕಾಲೇ ಹೋಗಬಹುದು.

ಮೂಳೆ ಮುರಿದಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆ. ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲು ಆಗುತ್ತದೆಯೇ? ಹರಡಿನ ಒಳ-ಹೊರ ಉಬ್ಬು ಮೂಳೆಗಳ ಹಿಂಬದಿಯ ಅಂಚನ್ನು ತುದಿಯಿಂದ 6 ಸೆ.ಮೀ. ಮೇಲಿನವರೆಗೆ ಒತ್ತಿದರೆ ಮೂಳೆಯಲ್ಲೇ ನೋವಿದೆಯೇ? ನಡೆಯಲಾಗದಿದ್ದರೆ ಅಥವಾ ಮೂಳೆ ನೋವಿದ್ದರೆ ಎಕ್ಸ್‌ರೇ ತೆಗೆಸಿ.

ಮೂರನೆಯ ದಿನದ ಮೇಲೆ ಪಾದದಿಂದ ಮಂಡಿಯ ಕಡೆಗೆ ಹಗುರಾಗಿ ನೀವಬಹುದು, ಊತ ಇಳಿಯುತ್ತದೆ. ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ, ಹರಡು ಎಲ್ಲ ದಿಕ್ಕಿಗೂ ತಿರುಗುತ್ತದೆ. ಎರಡು ಮೂರು ವಾರದ ನಂತರ ಗೋಡೆಯ ಪಕ್ಕ ಒಂಟಿಕಾಲಲ್ಲಿ 30 ಸೆಕೆಂಡ್ ನಿಲ್ಲುವ ಅಭ್ಯಾಸ. ಇದನ್ನು ಬಿಟ್ಟು ಅಂಕಣಕ್ಕಿಳಿದವರಿಗೇ ಅದೇ ಕಾಲು ಮತ್ತೆ ಮತ್ತೆ ಹೊರಳುತ್ತದೆ.

ಇನ್ನು ಒದೆತದ ವಿಚಾರ. ಸೊಂಟ ಹಿಡಿದದ್ದು ಬಹುತೇಕ ಸಲ ಕೆಲವು ದಿನಗಳಲ್ಲಿ ತಾನಾಗಿಯೇ ಬಿಡುತ್ತದೆ, ಒದ್ದವರಿಗೆ ಹೆಸರು ಬರುತ್ತದೆ. ಡಿಸ್ಕ್ ಜಾರಿದ ಸೊಂಟಕ್ಕೆ ಒದೆ ಬಿದ್ದರೆ ಮಾತ್ರ ಕಥೆ ಬೇರೆ. ಸೊಂಟ ನೋವಿನ ಜೊತೆ ಜನನಾಂಗದ ಸುತ್ತ ಸ್ಪರ್ಶ ತಿಳಿಯದಂತಾದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ಕಾಲಿನ ಬಲ ಇಳಿದರೆ ಅದು ತುರ್ತು ಸ್ಥಿತಿ.

ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ. ಕುತ್ತಿಗೆ, ರೆಕ್ಕೆ ಮೂಳೆಯ ಬಳಿ ಗಂಟು ಕಟ್ಟಿದ ಹಾಗೆ. ಕಟಿಂಗ್ ಶಾಪಿನಲ್ಲಿ ಕುತ್ತಿಗೆ ತಿರುವಿ ಲಟಕ್ ಅನ್ನಿಸಿದರೆ ಅರ್ಧ ದಿನ ಆರಾಮ. ಇದು ಅಪಾಯವೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಹೌದು. ಕುತ್ತಿಗೆಯ ಮೂಳೆಗಳ ಅಕ್ಕಪಕ್ಕದ ರಂಧ್ರಗಳ ಮೂಲಕ ಎರಡು ರಕ್ತನಾಳಗಳು ಮೆದುಳಿಗೆ ಏರುತ್ತವೆ. ಥಟ್ಟನೆ ತಿರುವಿದಾಗ ನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಗಂಟೆಗಳ ಅಥವಾ ದಿನಗಳ ನಂತರ ಪಾರ್ಶ್ವವಾಯು ಹೊಡೆಯಬಹುದು. ಅಪರೂಪ ನಿಜ. ಆದರೆ ಅರ್ಧ ದಿನದ ಆರಾಮಕ್ಕೆ ಆ ಅಪಾಯ ಕಟ್ಟಿಕೊಳ್ಳುವುದು ಲೆಕ್ಕಕ್ಕೆ ಬರುವುದಿಲ್ಲ. ತಲೆ ಮಸಾಜ್ ಮಾಡಿಸಿಕೊಳ್ಳಿ. ಗದ್ದಕ್ಕೆ ಕೈ ಹಾಕಿದ ಕೂಡಲೇ ‘ತಿರುಗಿಸ್ಬೇಡಪ್ಪಾ’ ಎಂದುಬಿಡಿ. ತಿರುವಿಸಿಕೊಂಡ ಮೇಲೆ ಒಂದು ಬದಿಯಲ್ಲಿ ಹಿಂದೆಂದೂ ಕಾಣದ ನೋವು, ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನಡಿಗೆ ವಾಲುವುದು ಇವುಗಳಲ್ಲಿ ಯಾವುದು ಕಂಡರೂ ನೇರ ಆಸ್ಪತ್ರೆಗೆ ಹೋಗಿ.

ಗಂಟಿಗೆ ಮದ್ದು ಒಂದು ಟೆನಿಸ್ ಚೆಂಡು. ಅದನ್ನು ಉದ್ದ ಸಾಕ್ಸಿನೊಳಗೆ ಹಾಕಿ, ಸಾಕ್ಸಿನ ತುದಿಯನ್ನು ಭುಜದ ಮೇಲಿಂದ ಹಿಡಿಯಿರಿ. ಗೋಡೆಗೆ ಬೆನ್ನು ಮಾಡಿ, ಹಿಮ್ಮಡಿ ಗೋಡೆಯಿಂದ ಒಂದಡಿ ದೂರ ಇಟ್ಟು ಒರಗಿ. ಚೆಂಡು ಬೆನ್ನುಮೂಳೆಗೂ ರೆಕ್ಕೆ ಮೂಳೆಗೂ ನಡುವಿನ ಮಾಂಸದ ಮೇಲಿರಬೇಕು, ಬೆನ್ನುಮೂಳೆಯಿಂದ ಎರಡು ಬೆರಳು ಆಚೆ. ನೋವಿನ ಜಾಗ ಸಿಕ್ಕಿದಾಗ ಉರುಳಿಸದೆ ನಿಲ್ಲಿ. ಹತ್ತಕ್ಕೆ ಐದರಷ್ಟು ನೋವಿರಲಿ, ಹಲ್ಲು ಕಚ್ಚುವಷ್ಟು ಬೇಡ. 30ರಿಂದ 60 ಸೆಕೆಂಡ್ ನಿಧಾನ ಉಸಿರಾಡಿದರೆ ನೋವು ಕರಗುತ್ತದೆ. ಮೂರು ನಾಲ್ಕು ಜಾಗ, ದಿನಕ್ಕೊಮ್ಮೆ. ಬಲವಾಗಿ ಒತ್ತಿದರೆ ಸ್ನಾಯು ಸಡಿಲಾಗುವ ಬದಲು ಎದುರೊತ್ತುತ್ತದೆ, ಮರುದಿನ ಕಂದು ಬೀಳುತ್ತದೆ. ಕ್ರಿಕೆಟ್ ಚೆಂಡು ಬಳಸಿ ನಮ್ಮನ್ನು ಬೈಯಬೇಡಿ!

ಭುಜದ ಮೇಲ್ಭಾಗವನ್ನು ಎದುರಿನ ಕೈಯಿಂದ ಹಿಡಿದು ಹಿಸುಕಬಹುದು. ಕುತ್ತಿಗೆಯ ಮುಂಬದಿ, ನಾಡಿ ಮಿಡಿಯುವ ಜಾಗವನ್ನು ಮುಟ್ಟಬೇಡಿ. ಅಲ್ಲಿ ಒತ್ತಿದರೆ ನಾಡಿ ನಿಧಾನವಾಗಿ ತಲೆ ತಿರುಗಿ ಬೀಳುವವರಿದ್ದಾರೆ, ಹಿರಿಯರು ವಿಶೇಷವಾಗಿ. ಪರದೆ ಕಣ್ಣಿನ ಮಟ್ಟಕ್ಕೆ ಏರದೆ, ಅರ್ಧ ಗಂಟೆಗೊಮ್ಮೆ ಎದ್ದೇಳದೆ ಇದ್ದರೆ ಯಾರ ಕೈಯ ಮಸಾಜೂ ಒಂದೆರಡು ದಿನಕ್ಕಿಂತ ಹೆಚ್ಚು ನಿಲ್ಲದು. ಕೈಗೆ ಜೋಮು ಇಳಿಯುತ್ತಿದ್ದರೆ ಚೆಂಡನ್ನು ಬದಿಗಿಟ್ಟು ಮೊದಲು ತಪಾಸಣೆ.

ಮಂಡಿ ಸವೆದಿದೆ ಎಂದಿದ್ದಾರೆ. ಉಪ್ಪಿನ ಶಾಖ, ಲಕ್ಕಿಸೊಪ್ಪು, ಎಕ್ಕದೆಲೆ, ತರಾವರಿ ತೈಲ ಎಲ್ಲ ಹೇಳುತ್ತಾರೆ. ಯಾವುದನ್ನು ಹೇಗೆ ಮಾಡಲಿ?
– ಗೃಹಿಣಿ, ರಾಣೆಬೆನ್ನೂರು

ಯಾವ ತೈಲವೂ ಚರ್ಮ, ಕೊಬ್ಬು, ಕೀಲಿನ ಚೀಲ ದಾಟಿ ಮೂಳೆಯ ತುದಿಯಲ್ಲಿ ಸವೆದ ಮೆತ್ತೆಯನ್ನು (ಮೃದ್ವಸ್ಥಿ) ತುಂಬುವುದಿಲ್ಲ. ಫಲ ಸಿಗುವುದು ತಿಕ್ಕುವಿಕೆ ಮತ್ತು ಬಿಸಿಯಿಂದ: ಸುತ್ತಲಿನ ಸ್ನಾಯು ಸಡಿಲವಾಗಿ ನೋವು ಕೆಲವು ಗಂಟೆ ಇಳಿಯುತ್ತದೆ. ಆ ಗಂಟೆಗಳನ್ನು ವ್ಯಾಯಾಮಕ್ಕೆ ಬಳಸಿದರೆ ಮಾತ್ರ ತಿಂಗಳುಗಟ್ಟಲೆಯ ಲಾಭ.

ಒಂದು ಮಂಡಿಗೆ ಎರಡು ಟೀ ಚಮಚ ಬೆಚ್ಚಗಿನ ಎಳ್ಳೆಣ್ಣೆ. ಕಾಲು ಚಾಚಿ, ಮಂಡಿಯಡಿ ಸುತ್ತಿದ ಟವೆಲ್ ಇಟ್ಟುಕೊಳ್ಳಿ. ಮಂಡಿಯಿಂದ ಮೇಲಕ್ಕೆ ತೊಡೆಯನ್ನು ಅಂಗೈಯಿಂದ 5 ನಿಮಿಷ ನೀವಿ. ಮಂಡಿಚಿಪ್ಪಿನ ಸುತ್ತ ಹೆಬ್ಬೆರಳಿನಿಂದ 2 ನಿಮಿಷ ತಿಕ್ಕಿ. ಚಿಪ್ಪನ್ನೇ ಒತ್ತಬೇಡಿ. ಮಂಡಿಯ ಹಿಂದಿನ ಗುಳಿಯನ್ನೂ ಒತ್ತಬೇಡಿ, ಅಲ್ಲಿ ರಕ್ತನಾಳ ಮತ್ತು ನರ ಚರ್ಮಕ್ಕೆ ಹತ್ತಿರ ಇವೆ.

ನಂತರ ಶಾಖ. ಎರಡು ಹಿಡಿ ಕಲ್ಲುಪ್ಪನ್ನು ಬಾಣಲೆಯಲ್ಲಿ 4–5 ನಿಮಿಷ ಹುರಿದು, ಎರಡು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ. ಮಣಿಕಟ್ಟಿನ ಮೇಲೆ ನೋಡಿಕೊಂಡು ಮಂಡಿಯ ಸುತ್ತ ಎತ್ತಿ ಎತ್ತಿ ಇಡಿ. ಒಂದೇ ಕಡೆ ಬಿಡಬೇಡಿ. 15 ನಿಮಿಷ ಸಾಕು. ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಹಿಡಿಯುತ್ತದೆ, ಎಚ್ಚರ. ಲಕ್ಕಿಸೊಪ್ಪನ್ನು ಹೆಚ್ಚಿ ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ ಕಟ್ಟಿದರೆ ಅದೂ ಇದೇ ಕೆಲಸ ಮಾಡುತ್ತದೆ, ಹಸಿ ಬಿಸಿಯಾದ್ದರಿಂದ ಇನ್ನೂ ಹಿತ. ಎಕ್ಕದೆಲೆ ನಮ್ಮ ಪಟ್ಟಿಯಲ್ಲಿ ಕೊನೆಯದು. ಅದರ ಹಾಲು ಕಣ್ಣಿಗೆ ತಾಗಿದರೆ ಕಣ್ಣಿನ ಮುಂಪದರಕ್ಕೆ ಹಾನಿ, ಚರ್ಮದಲ್ಲಿ ಬೊಬ್ಬೆಯೂ ಏಳಬಹುದು.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗೆ ಶಾಖ ಬೇಡ. ಸುಟ್ಟದ್ದು ಗೊತ್ತಾಗದೆ ಹುಣ್ಣಾಗುತ್ತದೆ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿದ್ದರೂ ಬೇಡ. ನೋವಿನ ಬಾಮ್ ಹಚ್ಚಿದ ಮೇಲೆ ಶಾಖ ಕೊಟ್ಟರೆ ಚರ್ಮ ಸುಡುತ್ತದೆ. ವಿಂಟರ್‌ಗ್ರೀನ್ ಎಣ್ಣೆ ಇರುವ ಬಾಮ್‌ಗಳನ್ನು ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ದಿನವೂ ಬಳಸಬಾರದು. ಅದು ಚರ್ಮದ ಮೂಲಕ ಹೀರಿಕೊಂಡು ರಕ್ತಸ್ರಾವದ ಸಂಭವ ಹೆಚ್ಚಿಸುತ್ತದೆ.

ವ್ಯಾಯಾಮ ಇಷ್ಟೇ: ಅದೇ ಟವೆಲ್ ಸುರುಳಿಯನ್ನು ಮಂಡಿಯಿಂದ ಕೆಳಗೆ ಒತ್ತಿ, ತೊಡೆ ಬಿಗಿಸಿ, 5 ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು.

ಆಗುಂಬೆ ಘಾಟಿಯಲ್ಲಿ ಬಸ್ ಹತ್ತಿದರೆ ವಾಂತಿ ಗ್ಯಾರಂಟಿ. ಮಣಿಕಟ್ಟಿನಲ್ಲಿ ಒತ್ತಿದರೆ ನಿಲ್ಲುತ್ತದಂತೆ, ಎಲ್ಲಿ?
– ಕಾಲೇಜು ಉಪನ್ಯಾಸಕಿ, ತೀರ್ಥಹಳ್ಳಿ

ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯ ಮೇಲೆ ಇನ್ನೊಂದು ಕೈಯ ಮೂರು ಬೆರಳು ಅಡ್ಡ ಇಡಿ. ಮೂರನೆಯ ಬೆರಳು ಮುಗಿಯುವಲ್ಲಿ, ಮುಷ್ಟಿ ಬಿಗಿದಾಗ ಎದ್ದು ಕಾಣುವ ಎರಡು ಸ್ನಾಯುಹುರಿಗಳ ನಡುವೆ ಆ ಬಿಂದು. ಚೀನೀ ಪದ್ಧತಿಯಲ್ಲಿ ನೈಗುವಾನ್ ಎನ್ನುತ್ತಾರೆ. ಹೆಬ್ಬೆರಳಿನಿಂದ 2–3 ನಿಮಿಷ ಒತ್ತಿ, ಕೈ ಬದಲಿಸಿ. ವಾಕರಿಕೆ ಬಂದ ಮೇಲಲ್ಲ, ಹದಿನಾಲ್ಕು ತಿರುವುಗಳಲ್ಲಿ ಮೊದಲನೆಯದಕ್ಕೆ ಮುಂಚೆಯೇ ಶುರುಮಾಡಬೇಕು. ಆಪರೇಷನ್ ನಂತರದ ವಾಕರಿಕೆಗೆ ಈ ಬಿಂದುವಿನ ಉಪಯೋಗ ಪರೀಕ್ಷೆಗಳಲ್ಲಿ ಚೆನ್ನಾಗಿ ಕಂಡಿದೆ. ಪ್ರಯಾಣದ ವಾಂತಿಗೆ ಫಲಿತಾಂಶ ಮಿಶ್ರ. ಮುಂದಿನ ಸೀಟು, ದೂರದ ನೋಟ, ಹೊಟ್ಟೆ ಅರ್ಧ ಖಾಲಿ ಇವೂ ಜೊತೆಗಿರಲಿ. ಬಸುರಿಯರೂ ಈ ಬಿಂದುವನ್ನು ಒತ್ತಬಹುದು. ಹೆಬ್ಬೆರಳು-ತೋರುಬೆರಳ ನಡುವಿನದು ಮತ್ತು ಹರಡಿನ ಒಳಬದಿಯಿಂದ ನಾಲ್ಕು ಬೆರಳು ಮೇಲಿನದು ಬಸುರಿಯರಿಗೆ ಬೇಡವೆಂದು ಆ ಪದ್ಧತಿಯವರೇ ಬಿಡುತ್ತಾರೆ.

ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಅಕ್ಕನ ಬಲಗೈ ಊದಿದೆ. ಮಸಾಜ್ ಮಾಡಿಸಬಹುದೇ?
– ಮಂಗಳೂರು

ಸಾಮಾನ್ಯ ಮಸಾಜ್ ಬೇಡ, ಕಲಿತವರ ಕೈಯ ದುಗ್ಧರಸ (ಲಿಂಫ್ ಎಂಬ ದೇಹದ್ರವ) ಮಸಾಜ್ ಆಗಬಹುದು. ಮೊದಲು ಕ್ಯಾನ್ಸರ್ ವೈದ್ಯರ ಒಪ್ಪಿಗೆ ಬೇಕು, ಏಕೆಂದರೆ ಊತಕ್ಕೆ ಬೇರೆ ಕಾರಣಗಳೂ ಇರುತ್ತವೆ. ಕಂಕುಳ ಗ್ರಂಥಿ ತೆಗೆದಾಗ ದ್ರವ ಹರಿದುಹೋಗುವ ದಾರಿ ಮುಚ್ಚುತ್ತದೆ. ಡೆನ್ಮಾರ್ಕಿನ ಎಮಿಲ್ ಮತ್ತು ಎಸ್ಟ್ರಿಡ್ ವೊಡ್ಡರ್ ದಂಪತಿ 1930ರ ದಶಕದಲ್ಲಿ ರೂಪಿಸಿದ ಈ ವಿಧಾನದಲ್ಲಿ ಮೊದಲು ಕುತ್ತಿಗೆ, ಊದದ ಬದಿಯ ಕಂಕುಳು, ಆಮೇಲೆ ಎದೆ, ತೋಳಿನ ಮೇಲ್ಭಾಗ, ಕೊನೆಗೆ ಮುಂಗೈ – ಹೀಗೆ ಮುಂದಿನ ದಾರಿ ತೆರೆದುಕೊಂಡು ಹಿಂದೆ ಬರುತ್ತಾರೆ. ಮುಂಗೈಯಿಂದಲೇ ಆರಂಭಿಸಿದರೆ ಕಟ್ಟಿದ ಚರಂಡಿಗೆ ನೀರು ನೂಕಿದಂತೆ. ಒತ್ತಡ ಚರ್ಮ ಜರುಗುವಷ್ಟು ಮಾತ್ರ. ಎಣ್ಣೆ ಬೇಕಿಲ್ಲ, ಜಾರಿದರೆ ಚರ್ಮ ಜರುಗುವುದೇ ಇಲ್ಲ. ಮುಗಿದ ಕೂಡಲೇ ಪದರ ಪದರವಾಗಿ ಬ್ಯಾಂಡೇಜ್ ಸುತ್ತದಿದ್ದರೆ ಊತ ಮರಳುತ್ತದೆ.

ನಿಮಗೆ ಹತ್ತಿರವಾದ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆನೆಕಾಲು ಮತ್ತು ಇಂಥ ಊತಗಳಿಗೆ ಆಯುರ್ವೇದ, ಯೋಗ, ಬ್ಯಾಂಡೇಜ್ ಕೂಡಿಸಿದ ಚಿಕಿತ್ಸೆ ಇದೆ. ಊದಿದ ಕೈ ಕೆಂಪಾಗಿ ಜ್ವರ ಬಂದರೆ ಮಸಾಜ್ ನಿಲ್ಲಿಸಿ, ಸೋಂಕಿಗೆ ಔಷಧಿ ಮೊದಲು.

ಒಳ್ಳೆಯ ಕೇಂದ್ರ ಗುರುತಿಸುವುದು ಹೇಗೆ?
– ಹಲವರು

ಕೈ ಹಚ್ಚುವ ಮುನ್ನ ಅವರು ನಿಮ್ಮನ್ನು ಏನು ಕೇಳುತ್ತಾರೆ ನೋಡಿ. ಬಿಪಿ, ಸಕ್ಕರೆ, ರಕ್ತ ತೆಳು ಮಾಡುವ ಮಾತ್ರೆ, ಆಪರೇಷನ್, ಬಸಿರು, ಚರ್ಮದ ಅಲರ್ಜಿ ಏನನ್ನೂ ಕೇಳದೆ ಟವೆಲ್ ಕೊಟ್ಟು ‘ಮಲಗಿ ಸರ್’ ಎಂದರೆ ಎದ್ದು ಬನ್ನಿ. ಚಿಕಿತ್ಸೆ ಎಂದು ಕರೆದುಕೊಳ್ಳುವ ಕಡೆ ಹೊಣೆ ಹೊತ್ತ ವೈದ್ಯರಿರಬೇಕು. ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್, ಆಯುರ್ವೇದದ ಬಿಎಎಂಎಸ್ ಎರಡೂ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಪದವಿ. ಫಿಸಿಯೋಥೆರಪಿಯ ಪದವಿ ಬಿಪಿಟಿ. ಚಿಕಿತ್ಸಾಲಯವಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇರಬೇಕು. ಕೇಳಿದರೆ ತೋರಿಸಲು ಹಿಂಜರಿಯಬಾರದು. ಮೈ ಮೇಲೆ ಬಟ್ಟೆ ಹೊದಿಸಿ ಕೆಲಸದ ಭಾಗವನ್ನಷ್ಟೇ ತೆರೆಯುವುದು, ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಮಾಡುವುದು ಪಂಚಕರ್ಮದ ಒಳ್ಳೆಯ ಕೇಂದ್ರಗಳ ಪದ್ಧತಿ. ‘ಮಾತ್ರೆ ನಿಲ್ಲಿಸಿ, ನಾವು ನೋಡಿಕೊಳ್ಳುತ್ತೇವೆ’ ಎಂದವರ ಕಡೆ ಮತ್ತೆ ತಲೆ ಹಾಕಬೇಡಿ.

ಇಲ್ಲಿ ಚಳಿಗೆ ಕೊಬ್ಬರಿ ಎಣ್ಣೆ ಕಲ್ಲಾಗುತ್ತದೆ. ಎಣ್ಣೆಸ್ನಾನದ ಟವೆಲ್‌ಗಳನ್ನು ಡ್ರೈಯರ್‌ಗೆ ಹಾಕಬಾರದು ಎಂದು ಗೆಳತಿ ಹೆದರಿಸಿದ್ದಾಳೆ.
– ಟೊರಾಂಟೊ

ಗೆಳತಿ ಹೇಳಿದ್ದು ಸರಿ. ಎಣ್ಣೆ ಹೀರಿದ ಬಟ್ಟೆ ಡ್ರೈಯರ್‌ನಲ್ಲಿ ಕಾದು, ಗುಡ್ಡೆಯಾಗಿ ಬಿದ್ದಿದ್ದರೆ, ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಬೆರೆತು ತಾನೇ ಬಿಸಿಯಾಗುತ್ತಾ ಹೊತ್ತಿಕೊಳ್ಳಬಹುದು. ಸೂರ್ಯಕಾಂತಿ, ಎಳ್ಳೆಣ್ಣೆಗಳಲ್ಲಿ ಈ ಗುಣ ಹೆಚ್ಚು, ತೆಂಗಿನೆಣ್ಣೆಯಲ್ಲಿ ಕಡಿಮೆ. ಒಂದೆರಡು ಹಳೆಯ ಟವೆಲ್ ಮೀಸಲಿಡಿ. ಬಿಸಿನೀರು, ಹೆಚ್ಚು ಡಿಟರ್ಜೆಂಟ್ ಹಾಕಿ ಎರಡು ಸಲ ತೊಳೆದು, ಹರವಿ ಒಣಗಿಸಿ. ಒಗೆದ ಮೇಲೂ ಎಣ್ಣೆ ವಾಸನೆ ಇದ್ದರೆ ಎಣ್ಣೆ ಇನ್ನೂ ಇದೆ ಎಂದೇ ಅರ್ಥ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಪೈಪಿನೊಳಗೂ ಗಟ್ಟಿಯಾಗುತ್ತದೆ, ಕಡಲೆಹಿಟ್ಟು ಸೇರಿದರೆ ಸಿಮೆಂಟೇ ಸರಿ. ನೀರಿಗಿಳಿಯುವ ಮೊದಲು ಮೈಯ ಎಣ್ಣೆಯನ್ನು ಕಾಗದದ ಟವೆಲ್‌ನಿಂದ ಒರೆಸಿ ಕಸದ ಬುಟ್ಟಿಗೆ ಹಾಕಿ. ಟಬ್ಬಿನಲ್ಲಿ ಜಾರದ ಮ್ಯಾಟ್ ಹಾಕುವುದನ್ನು ಮರೆಯಬೇಡಿ.